ಮಸ್ಟಾಂಗ್ ಜಿಟಿಗೆ ಕೋಲ್ಡ್ ಏರ್ ಇನ್‌ಟೇಕ್: ಆರಿಸುವುದು, ಕೂರಿಸುವುದು

2015ರಿಂದ 2017ರವರೆಗೆ ಬಂದ ಫೋರ್ಡ್ ಮಸ್ಟಾಂಗ್ ಜಿಟಿ ಕಾರಿನಲ್ಲಿ ಕಂಪನಿ ಕೊಟ್ಟ ಏರ್‌ಬಾಕ್ಸೇ ಹೊರಗಿನ ತಣ್ಣನೆ ಗಾಳಿಯನ್ನು ಎಳೆಯುತ್ತದೆ. ಮುಂದಿನ ಗ್ರಿಲ್ ಹಿಂದಿನಿಂದ ಗಾಳಿ ತೆಗೆದುಕೊಂಡು, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೋಸಿ, ಎಂಜಿನ್‌ಗೆ ಕಳಿಸುತ್ತದೆ. ಅಂದರೆ ಇದರ ಡಬ್ಬಿ, ಫಿಲ್ಟರ್, ಪೈಪುಗಳ ಬದಲಿಗೆ ನಾವು ದುಡ್ಡು ಕೊಟ್ಟು ತರುವ ಕೋಲ್ಡ್ ಏರ್ ಇನ್‌ಟೇಕ್ ಕಿಟ್‌ನ ಪೈಪೋಟಿ ಇರುವುದು ಈ ಡಬ್ಬಿಯ ಜೊತೆ. ಇದಕ್ಕಿಂತ ತಣ್ಣಗಿನ ಗಾಳಿ ತರದ, ಇದಕ್ಕಿಂತ ಸಲೀಸಾಗಿ ಗಾಳಿ ಬಿಡದ ಕಿಟ್ ಎಷ್ಟೇ ಹೊಳೆಯಲಿ, ಸುಮ್ನೆ ದಂಡ.

ನನ್ನದು 2016ರ ಜಿಟಿ. 5 ಲೀಟರ್ ವಿ8, 6 ಗೇರಿನ ಮ್ಯಾನುಯಲ್. ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಆಫೀಸಿಗೂ ಇದೇ ಗಾಡಿ, ರಜೆ ಸಿಕ್ಕಾಗ ವಿಲೋಸ್ ಹತ್ತಿರದ ಥಂಡರ್‌ಹಿಲ್ ಟ್ರ್ಯಾಕಿಗೂ ಇದೇ ಗಾಡಿ. ಕನ್ನಡ ಕೂಟದ ಪಾರ್ಕಿಂಗ್‌ನಲ್ಲಿ ನಾನು ಬಾನೆಟ್ ಎತ್ತಿದರೆ ಸಾಕು, ಹೊಸದಾಗಿ ಕಾರು ಕೊಂಡ ಹುಡುಗರು ಸುತ್ತ ಸೇರುತ್ತಾರೆ. "ಅಕ್ಕ, ಇನ್‌ಟೇಕ್ ಹಾಕಿದ್ರೆ ಎಷ್ಟು ಎಚ್‌ಪಿ ಜಾಸ್ತಿ ಆಗುತ್ತೆ?" ಎಲ್ಲರದ್ದೂ ಇದೇ ಪ್ರಶ್ನೆ.

ಎಂಜಿನ್ ನಡೆಸುವ ಕಂಪ್ಯೂಟರನ್ನು, ಅಂದರೆ ಇಸಿಯು, ಮುಟ್ಟದೆ ಬರೀ ಇನ್‌ಟೇಕ್ ಹಾಕಿದರೆ ಸ್ವಲ್ಪವೇ ಆಗುತ್ತದೆ. ಈ ಗಾಡಿಯ ಎಂಜಿನ್ 435 ಎಚ್‌ಪಿಯದ್ದು. ಹತ್ತು ಎಚ್‌ಪಿ ಜಾಸ್ತಿ ಆಯಿತು ಅಂತಲೇ ಇಟ್ಟುಕೊಳ್ಳಿ, ಅದು ಶೇ. 2.3 ಅಷ್ಟೇ. ಸೀಟಿನಲ್ಲಿ ಕೂತವರಿಗೆ ಅಷ್ಟು ಗೊತ್ತಾಗುವುದಿಲ್ಲ. ಗೊತ್ತಾಗುವುದು ಶಬ್ದ. 3,000 ಆರ್‌ಪಿಎಂ ದಾಟಿ ಕಾಲು ಒತ್ತಿದಾಗ ಮುಂದಿನಿಂದ ಬರುವ ಆ ಗುಡುಗು ನನಗೆ ಬೇಕಿತ್ತು, ಅದಕ್ಕೇ ಹಾಕಿದೆ. ಕೆಲಸ ನನ್ನ ಕೈಯಲ್ಲೇ ಆಗುವಂಥದ್ದು ಅನ್ನುವುದು ಇನ್ನೊಂದು ಕಾರಣ. ಪಿಕಪ್ ಜಾಸ್ತಿ ಆಗಲಿ ಅಂತಲೇ ಹೊರಟಿದ್ದರೆ ಅದೇ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ ಅಂತಲೇ ಹೇಳುತ್ತೇನೆ.

ಬಿಸಿ ಗಾಳಿಯ ಲೆಕ್ಕ

ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನ ಗಾಳಿಗೆ ಹೋಲಿಸಿದರೆ 55 ಡಿಗ್ರಿಯ ಗಾಳಿಯಲ್ಲಿ ಅದೇ ಜಾಗಕ್ಕೆ ಸುಮಾರು ಶೇ. 9ರಷ್ಟು ಕಡಿಮೆ ಆಕ್ಸಿಜನ್ ಹಿಡಿಯುತ್ತದೆ. ಬಾನೆಟ್ ಕೆಳಗೆ, ರೇಡಿಯೇಟರ್ ಹಿಂದೆ, ಟ್ರಾಫಿಕ್‌ನಲ್ಲಿ ನಿಂತಾಗ 55 ಡಿಗ್ರಿ ಏನೂ ದೊಡ್ಡ ಮಾತಲ್ಲ. ಜುಲೈ ತಿಂಗಳ ವಿಲೋಸ್‌ನಲ್ಲಿ ಹೊರಗೇ 40 ಮುಟ್ಟುವ ದಿನಗಳಿರುತ್ತವೆ.

ಹಾಗಾಗಿ ಡಬ್ಬಿಯನ್ನೇ ಕಿತ್ತೆಸೆದು, ಪೈಪಿನ ತುದಿಗೆ ಬರೀ ಒಂದು ಕೋನ್ ಫಿಲ್ಟರ್ ಸಿಕ್ಕಿಸುವ ಅಗ್ಗದ ಕಿಟ್‌ಗಳನ್ನು ಬಿಟ್ಟುಬಿಡಿ. ಅವು ಚೆನ್ನಾಗಿ ಕೂಗುತ್ತವೆ, ನಿಜ. ಆದರೆ ಎಳೆಯುವುದು ಎಂಜಿನ್‌ನದ್ದೇ ಬಿಸಿ ಉಸಿರು. ಕಿಟ್ ನೋಡುವಾಗ ನಾನು ಮೊದಲು ನೋಡುವುದು ಫಿಲ್ಟರ್ ಸುತ್ತಲಿನ ಗೋಡೆಯನ್ನು. ಹೀಟ್ ಶೀಲ್ಡ್ ಮೂರೂ ಕಡೆ ಸುತ್ತಿ ಬರುತ್ತಾ? ಮೇಲೆ ಮುಚ್ಚಳ ಇದೆಯಾ? ಇಲ್ಲದಿದ್ದರೆ ಅಂಚಿಗೆ ದಪ್ಪ ರಬ್ಬರ್ ಬೀಡಿಂಗ್ ಇದ್ದು, ಬಾನೆಟ್ ಮುಚ್ಚಿದಾಗ ಅದಕ್ಕೆ ಒತ್ತಿ ಕೂರುತ್ತಾ? ಗ್ರಿಲ್ ಕಡೆಯಿಂದ ಗಾಳಿ ಬರುವ ಬಾಯಿ ಡಬ್ಬಿಗೆ ಸರಿಯಾಗಿ ಸೇರುತ್ತಾ? ಪೈಪ್ ಅಲ್ಯುಮಿನಿಯಮ್ಮೋ ಪ್ಲಾಸ್ಟಿಕ್ಕೋ ಅನ್ನುವುದು ಇದರ ಮುಂದೆ ಸಣ್ಣ ವಿಷಯ. ನನಗಂತೂ ಪ್ಲಾಸ್ಟಿಕ್ ಇಷ್ಟ, ಬೇಗ ಬಿಸಿ ಹೀರುವುದಿಲ್ಲ.

ಈ ಎಂಜಿನ್ ಎಷ್ಟು ಗಾಳಿ ಕುಡಿಯುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. 5 ಲೀಟರ್ ಎಂಜಿನ್, ಎರಡು ಸುತ್ತಿಗೆ ಒಮ್ಮೆ ಪೂರ್ತಿ ತುಂಬಿಕೊಳ್ಳುತ್ತದೆ. 6,500 ಆರ್‌ಪಿಎಂನಲ್ಲಿ ಸೆಕೆಂಡಿಗೆ 250 ಲೀಟರ್ ದಾಟುತ್ತದೆ. ನಮ್ಮ ಊರಿನ ಮನೆಯ ಮಾಳಿಗೆ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕನ್ನು ನಾಲ್ಕು ಸೆಕೆಂಡಿನಲ್ಲಿ ಖಾಲಿ ಮಾಡಿದ ಹಾಗೆ. ಅಷ್ಟು ಗಾಳಿ ಹೋಗುವ ದಾರಿಯಲ್ಲಿ ಒಂದು ಸಣ್ಣ ಸಂದು ಬಿಟ್ಟರೂ ಅಲ್ಲಿಂದ ಧೂಳು ಒಳಗೆ ಹೋಗುತ್ತದೆ, ಲೆಕ್ಕವೂ ತಪ್ಪುತ್ತದೆ.

ಲೆಕ್ಕ ಇಡುವ ತಂತಿ

ಇನ್‌ಟೇಕ್ ಅಂದರೆ ಎಲ್ಲರಿಗೂ ಫಿಲ್ಟರ್ ಕಾಣುತ್ತದೆ, ಪೈಪ್ ಕಾಣುತ್ತದೆ. ನಿಜವಾಗಿ ಎಲ್ಲವೂ ನಿಂತಿರುವುದು ಪೈಪಿನೊಳಗೆ ಇಳಿಬಿಟ್ಟ, ಹೆಬ್ಬೆರಳಿನಷ್ಟು ಸಣ್ಣ ಮಾಫ್ ಸೆನ್ಸರ್ ಮೇಲೆ. ಅದರೊಳಗೆ ಕಾದಿರುವ ಒಂದು ತೆಳು ತಂತಿ ಇರುತ್ತದೆ. ಗಾಳಿ ಹಾದು ಹೋದಂತೆ ತಂತಿ ತಣ್ಣಗಾಗುತ್ತದೆ, ಅದನ್ನು ಮತ್ತೆ ಬಿಸಿಯಾಗಿಡಲು ಎಷ್ಟು ಕರೆಂಟ್ ಬೇಕಾಯಿತು ಅನ್ನುವುದರಿಂದ ಇಸಿಯು ಗಾಳಿಯ ತೂಕ ತಿಳಿಯುತ್ತದೆ. ಆ ತೂಕಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ.

ಈ ಲೆಕ್ಕ ಪೈಪಿನ ಒಳ ಅಳತೆಗೆ ಕಟ್ಟಿಹಾಕಿದ್ದು. ಕಂಪನಿ ಪೈಪಿಗಿಂತ ಅಗಲದ ಪೈಪಿನಲ್ಲಿ ಅದೇ ಸೆನ್ಸರ್ ಕೂರಿಸಿದರೆ, ಅಷ್ಟೇ ಗಾಳಿ ನಿಧಾನವಾಗಿ ಹೋಗುತ್ತದೆ. ತಂತಿ ಅಷ್ಟಾಗಿ ತಣ್ಣಗಾಗುವುದಿಲ್ಲ. ಗಾಳಿ ಕಡಿಮೆ ಬಂತು ಅಂದುಕೊಂಡು ಇಸಿಯು ಪೆಟ್ರೋಲ್ ಕಡಿಮೆ ಬಿಡುತ್ತದೆ. ಎಂಜಿನ್ ಲೀನ್ ಓಡುತ್ತದೆ. ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಒಂದು ಮಟ್ಟದವರೆಗೆ ಸರಿಮಾಡುತ್ತದೆ, ಅದಕ್ಕೂ ಮೀರಿದರೆ ಚೆಕ್ ಎಂಜಿನ್ ಲೈಟು. ಕೋಡ್ ಸಾಮಾನ್ಯವಾಗಿ ಪಿ0171 ಮತ್ತು ಪಿ0174. ವಿ8ರ ಎರಡೂ ಬ್ಯಾಂಕ್‌ಗಳು, ಅಂದರೆ ನಾಲ್ಕು ನಾಲ್ಕು ಸಿಲಿಂಡರಿನ ಎರಡೂ ಸಾಲುಗಳು, ಲೀನ್ ಅಂತ ಅದರ ಅರ್ಥ. ಎರಡೂ ಒಟ್ಟಿಗೆ ಬಂದರೆ ತೊಂದರೆ ಎರಡಕ್ಕೂ ಗಾಳಿ ಹಂಚುವ ಮೊದಲೇ ಇದೆ, ಅಂದರೆ ನೀವು ಈಗ ತಾನೇ ಕೂರಿಸಿದ ಇನ್‌ಟೇಕ್‌ನಲ್ಲಿ.

ಅದಕ್ಕೇ ಮಾರುಕಟ್ಟೆಯಲ್ಲಿ ಎರಡು ಬಗೆ. 'ಟ್ಯೂನ್ ಬೇಡ' ಅನ್ನುವವು ಸೆನ್ಸರ್ ಕೂರುವ ಜಾಗದಲ್ಲಿ ಪೈಪಿನ ಅಳತೆಯನ್ನು ಕಂಪನಿಯದ್ದಕ್ಕೆ ಹೊಂದಿಸಿರುತ್ತವೆ. 'ಟ್ಯೂನ್ ಬೇಕೇ ಬೇಕು' ಅನ್ನುವವು ಅಗಲವಾಗಿರುತ್ತವೆ, ಇಸಿಯುಗೆ ಹೊಸ ಲೆಕ್ಕ ಕಲಿಸದೆ ಗಾಡಿ ಸ್ಟಾರ್ಟ್ ಕೂಡ ಮಾಡಬಾರದು. ಎಚ್‌ಪಿ ಬರುವುದು ಈ ಎರಡನೇ ಬಗೆಯಲ್ಲಿ, ಅದೂ ಬಹುಪಾಲು ಟ್ಯೂನ್‌ನಿಂದ. ಫೋರ್ಡ್ ಪರ್ಫಾರ್ಮೆನ್ಸ್‌ನವರ ಪವರ್ ಪ್ಯಾಕ್ 2 ಇಂಥದ್ದು: ಜಿಟಿ350 ಅನ್ನುವ ಇನ್ನೊಂದು ಮಸ್ಟಾಂಗ್‌ನ ಏರ್‌ಬಾಕ್ಸ್, 80 ಎಂಎಂ ಬದಲು 87 ಎಂಎಂ ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ತೆರೆದು ಮುಚ್ಚುವ ಬಾಗಿಲು), ಜೊತೆಗೆ ಅದಕ್ಕೆ ಹೊಂದುವ ಟ್ಯೂನ್. ರೌಶ್, ಸ್ಟೀಡಾ, ಜೆಎಲ್‌ಟಿ, ಕೆ ಅಂಡ್ ಎನ್ ಕೂಡ ಈ ಗಾಡಿಗೆ ಕಿಟ್ ಮಾಡಿದ್ದಾರೆ. ಬರೀ ಕಿಟ್‌ಗೆ 350ರಿಂದ 500 ಡಾಲರ್ ಆಸುಪಾಸು. ಟ್ಯೂನ್ ಸೇರಿದರೆ ಖರ್ಚು ಸುಮಾರು ಎರಡರಷ್ಟು.

ಹಳೆ ಡಬ್ಬಿಯೊಳಗೇ ಒಳ್ಳೆಯ ಪ್ಯಾನೆಲ್ ಫಿಲ್ಟರ್ ಹಾಕಿಕೊಂಡು ಸುಮ್ಮನಿರುವುದೂ ಒಂದು ದಾರಿ. ನಾಚಿಕೆ ಪಡುವಂಥದ್ದೇನಲ್ಲ.

ಕಾನೂನು, ಮೊದಲೇ ನೋಡಿಕೊಳ್ಳಬೇಕಾದ್ದು

ಕ್ಯಾಲಿಫೋರ್ನಿಯಾದಲ್ಲಿ ಇದ್ದರೆ ಕಿಟ್‌ನ ಮೇಲೆ ಇಒ ನಂಬರ್ ಇರಲೇಬೇಕು. ಇಲ್ಲಿನ ಏರ್ ರಿಸೋರ್ಸಸ್ ಬೋರ್ಡ್, ಎಲ್ಲರ ಬಾಯಲ್ಲಿ 'ಕಾರ್ಬ್', ಪರೀಕ್ಷೆ ಮಾಡಿ ಒಪ್ಪಿದ ಸಾಮಾನಿಗೆ 'ಡಿ' ಅಕ್ಷರದಿಂದ ಶುರುವಾಗುವ ನಂಬರ್ ಕೊಡುತ್ತದೆ. ವಾಹನ ಕಾಯ್ದೆಯ 27156ನೇ ಸೆಕ್ಷನ್ ಪ್ರಕಾರ ಆ ಒಪ್ಪಿಗೆ ಇಲ್ಲದ ಇನ್‌ಟೇಕ್ ಹಾಕಿಕೊಂಡು ರಸ್ತೆಗೆ ಇಳಿಯುವ ಹಾಗಿಲ್ಲ. ಕಿಟ್ ಜೊತೆ ಬರುವ ಸ್ಟಿಕ್ಕರನ್ನು ಬಾನೆಟ್ ಕೆಳಗೆ ಕಣ್ಣಿಗೆ ಬೀಳುವ ಜಾಗದಲ್ಲಿ ಅಂಟಿಸಿ. ಸ್ಮಾಗ್ ಚೆಕ್, ಅಂದರೆ ಹೊಗೆ ಪರೀಕ್ಷೆ, ಮಾಡುವವರು ಹುಡುಕುವುದು ಅದನ್ನೇ.

ಒಂದು ವಿಷಯ ಬಿಡಿಸಿ ಹೇಳಬೇಕು. ಇಒ ನಂಬರ್ ಆಯಾ ಮಾಡೆಲ್ ಮತ್ತು ವರ್ಷಕ್ಕೆ ಸೇರಿದ್ದು. 2018ರ ಜಿಟಿಗೆ ಮಾತ್ರ ಕೊಟ್ಟ ನಂಬರ್ 2016ರ ಗಾಡಿಗೆ ನಡೆಯುವುದಿಲ್ಲ, ಕಿಟ್ ಬೋಲ್ಟ್‌ಗೆ ಬೋಲ್ಟ್ ಹೊಂದಿದರೂ. ಕಾರ್ಬ್‌ನ ಪಟ್ಟಿಯಲ್ಲಿ ನಂಬರ್ ಹಾಕಿ ನಿಮ್ಮ ವರ್ಷ ಇದೆಯಾ ನೋಡಿಯೇ ಆರ್ಡರ್ ಮಾಡಿ. ಟ್ಯೂನ್‌ಗೂ ಇದೇ ಮಾತು. 2021ರ ಜುಲೈಯಿಂದ ಸ್ಮಾಗ್ ಚೆಕ್‌ನಲ್ಲಿ ಇಸಿಯು ಸಾಫ್ಟ್‌ವೇರ್ ಬದಲಾಗಿದೆಯಾ ಅಂತಲೂ ನೋಡುತ್ತಾರೆ. ಒಪ್ಪಿಗೆ ಇಲ್ಲದ ಟ್ಯೂನ್ ಇದ್ದರೆ ಅಲ್ಲೇ ಫೇಲ್. ಮೊದಲ ಎಂಟು ಮಾಡೆಲ್ ವರ್ಷ ಚೆಕ್ ಇರುವುದಿಲ್ಲ ಅಂತ ಕೆಲವರು ಧೈರ್ಯವಾಗಿ ಓಡಾಡುತ್ತಾರೆ. ನನ್ನ 2016ರ ಗಾಡಿಗೆ ಆ ಕಾಲ ಮುಗಿದಿದೆ. ನಾನು ಟ್ಯೂನ್ ಬೇಡದ, ಇಒ ನಂಬರ್ ಇರುವ, ಮುಚ್ಚಿದ ಡಬ್ಬಿಯ ಕಿಟ್ ತೆಗೆದುಕೊಂಡಿದ್ದಕ್ಕೆ ಇದೇ ಮುಖ್ಯ ಕಾರಣ.

ವಾರಂಟಿ ಇರುವವರು ಹೆದರುತ್ತಾರೆ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಇದೆ. ಹೊರಗಿನ ಸಾಮಾನು ಹಾಕಿದ್ದಾರೆ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ಪೂರ್ತಿ ರದ್ದು ಮಾಡುವ ಹಾಗಿಲ್ಲ, ಕೆಟ್ಟದ್ದಕ್ಕೆ ಆ ಸಾಮಾನೇ ಕಾರಣ ಅಂತ ತೋರಿಸಬೇಕು. ಕಿಟಕಿ ಮೋಟರ್ ಕೆಟ್ಟರೆ ಇನ್‌ಟೇಕ್ ತೋರಿಸಿ ಕೈ ತೊಳೆದುಕೊಳ್ಳಲು ಆಗದು. ಪಿಸ್ಟನ್ ಕರಗಿದರೆ ಮಾತು ಬೇರೆ.

ಊರಲ್ಲಿ ಓದುತ್ತಿರುವವರಿಗೆ ಒಂದು ಮಾತು. 2016ರಲ್ಲಿ ಭಾರತಕ್ಕೂ ಇದೇ ಜಿಟಿ ಬಲಗಡೆ ಸ್ಟೀರಿಂಗ್ ಜೊತೆ ಬಂತು, ಬೆಂಗಳೂರಿನಲ್ಲೂ ಇದೆ. ಅಮೆರಿಕದ ಕಿಟ್ ತರಿಸುವ ಮೊದಲು ಬಲಗಡೆ ಸ್ಟೀರಿಂಗ್ ಗಾಡಿಗೆ ಹೊಂದುತ್ತಾ ಅಂತ ತಯಾರಕರನ್ನೇ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿಮ್ಮ ಗಾಡಿಗೂ ಅನ್ವಯ ಆಗುತ್ತದೆ, ಆರ್‌ಟಿಒ ನಿಯಮ ತಿಳಿದುಕೊಂಡೇ ಕೈ ಹಾಕಿ.

ಎಣ್ಣೆ ಫಿಲ್ಟರೋ, ಒಣ ಫಿಲ್ಟರೋ

ಕಿಟ್ ಬಂದಾಗ ಅಪ್ಪ ಇಲ್ಲೇ ಇದ್ದರು. ಅರಸೀಕೆರೆಯಲ್ಲಿ ಲಾರಿ ಇಟ್ಟಿದ್ದವರು, ಕೈಗೆ ಗ್ರೀಸ್ ಹತ್ತದಿದ್ದರೆ ಸಮಾಧಾನ ಇಲ್ಲ. ಫಿಲ್ಟರನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಏನ್ ಪುಟ್ಟಿ, ಇದ್ರಲ್ಲಿ ಎಣ್ಣೆ ಎಲ್ಲಿ?"

"ಇದಕ್ಕೆ ಎಣ್ಣೆ ಬೇಡ ಅಪ್ಪ, ಒಣದು."

"ಹಂಗಾದ್ರೆ ಧೂಳು ಎಲ್ಲಿ ಕೂರುತ್ತೆ?"

ಅವರ ಕಾಲದ ಲಾರಿಗಳಲ್ಲಿ ಆಯಿಲ್ ಬಾತ್ ಏರ್ ಕ್ಲೀನರ್. ಗಾಳಿ ಎಣ್ಣೆಯ ಮೇಲೆ ಬಡಿದು ತಿರುಗುವಾಗ ಧೂಳು ಎಣ್ಣೆಗೆ ಅಂಟಿಕೊಳ್ಳುತ್ತಿತ್ತು. ಈಗಿನ ಕೆಂಪು ಬಣ್ಣದ ಹತ್ತಿ ಫಿಲ್ಟರ್‌ಗಳೂ ಒಂದು ಥರ ಅದೇ ಉಪಾಯದವು. ಬಟ್ಟೆಯ ರಂಧ್ರ ದೊಡ್ಡದು, ಧೂಳು ಹಿಡಿಯುವುದು ಮೇಲಿನ ಎಣ್ಣೆ. ಒಣ ಫಿಲ್ಟರ್‌ನಲ್ಲಿ ಸಿಂಥೆಟಿಕ್ ನೂಲಿನ ಹೆಣಿಗೆಯೇ ಧೂಳು ಹಿಡಿಯಬೇಕು.

ಎಣ್ಣೆ ಫಿಲ್ಟರ್ ಕೆಟ್ಟದ್ದಲ್ಲ. ಆದರೆ ತೊಳೆದ ಮೇಲೆ ಎಣ್ಣೆ ಜಾಸ್ತಿ ಹಾಕುವವರೇ ಹೆಚ್ಚು. ಜಾಸ್ತಿಯಾದ ಎಣ್ಣೆ ಗಾಳಿಯ ಜೊತೆ ಹಾರಿ ಮಾಫ್ ತಂತಿಗೆ ಮೆತ್ತಿಕೊಳ್ಳುತ್ತದೆ, ಮತ್ತೆ ಅದೇ ತಪ್ಪು ಲೆಕ್ಕ. ನನಗೆ ಆ ರಗಳೆ ಬೇಡವಾಗಿತ್ತು, ಒಣದ್ದು ತೆಗೆದುಕೊಂಡೆ. ಫಿಲ್ಟರ್ ಎಷ್ಟು ಧೂಳು ಹಿಡಿಯುತ್ತದೆ ಅಂತ ಅಳೆಯುವ ಪರೀಕ್ಷೆಗೆ ಐಎಸ್‌ಒ 5011 ಅಂತ ಹೆಸರು. ಅದರ ಫಲಿತಾಂಶ ಮುಂದಿಡುವ ತಯಾರಕರ ಮೇಲೆ ನನಗೆ ನಂಬಿಕೆ ಜಾಸ್ತಿ. 'ಗಾಳಿ ಸರಾಗ' ಅಂತ ಮಾತ್ರ ಹೇಳಿ ಧೂಳಿನ ಸುದ್ದಿ ಎತ್ತದವರನ್ನು ಕೇಳಬೇಕಾದ್ದು ಅಪ್ಪ ಕೇಳಿದ ಪ್ರಶ್ನೆಯನ್ನೇ.

ನೀರಿನ ವಿಷಯ ಚಿಕ್ಕದಾಗಿ. ಬೇರೆ ಕೆಲವು ಕಾರುಗಳ ಕಿಟ್‌ಗಳಲ್ಲಿ ಉದ್ದದ ಪೈಪ್ ಇಳಿಬಿಟ್ಟು ಫಿಲ್ಟರನ್ನು ಬಂಪರ್ ಒಳಗೆ, ನೆಲದ ಹತ್ತಿರ ಇಡುತ್ತಾರೆ. ಗಾಳಿ ತಣ್ಣಗೆ ಸಿಗುತ್ತದೆ, ಆದರೆ ನಿಂತ ನೀರಿಗೆ ನುಗ್ಗಿದರೆ ಎಂಜಿನ್ ನೀರನ್ನೇ ಎಳೆದುಕೊಳ್ಳುತ್ತದೆ. ನೀರು ಗಾಳಿಯ ಹಾಗೆ ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಮಸ್ಟಾಂಗ್‌ನ ಕಿಟ್‌ಗಳು ಹೆಚ್ಚಾಗಿ ಹಳೆ ಡಬ್ಬಿಯ ಜಾಗದಲ್ಲೇ, ಎತ್ತರದಲ್ಲೇ ಕೂರುತ್ತವೆ.

ಬಿಚ್ಚುವ ಮೊದಲು

ಇಸಿಯು ಅಂಕಿಗಳನ್ನು ಓದಲು ಗಾಡಿಯಲ್ಲಿರುವ ಒಬಿಡಿ ಸಾಕೆಟ್‌ಗೆ ಒಂದು ಸಣ್ಣ ಅಡಾಪ್ಟರ್ ಹಾಕಿ, ಫೋನ್‌ನಲ್ಲಿ ಫೋರ್‌ಸ್ಕ್ಯಾನ್ ಆಪ್ ತೆರೆದು, ಹಳೆ ಇನ್‌ಟೇಕ್ ಇರುವಾಗಲೇ ಮೂರು ವಿಷಯ ಬರೆದಿಟ್ಟುಕೊಳ್ಳಿ. ಎಂಜಿನ್ ಬಿಸಿಯಾಗಿ ಐಡಲ್‌ನಲ್ಲಿರುವಾಗ ಎರಡೂ ಬ್ಯಾಂಕ್‌ಗಳ ಲಾಂಗ್ ಟರ್ಮ್ ಫ್ಯುಯಲ್ ಟ್ರಿಮ್ (ಲೆಕ್ಕ ಸರಿಮಾಡಲು ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡಿಕೊಂಡಿದೆ ಅನ್ನುವುದು) ಎಷ್ಟು, ಹೈವೇಯಲ್ಲಿ ಒಂದೇ ಸಮ ಹೋಗುವಾಗ ಎಷ್ಟು, ಆಗ ಒಳಗೆ ಹೋಗುವ ಗಾಳಿಯ ಬಿಸಿ ಎಷ್ಟು. ಆ ಬಿಸಿಯ ಪಕ್ಕದಲ್ಲಿ ಹೊರಗಿನ ಬಿಸಿಯನ್ನೂ ಬರೆಯಿರಿ. ಇದನ್ನು ಯಾರೂ ಮಾಡುವುದಿಲ್ಲ. ಆಮೇಲೆ ಹೊಸದು ಒಳ್ಳೆಯದಾಯಿತೋ ಕೆಟ್ಟಿತೋ ಹೇಳಲು ಅವರ ಹತ್ತಿರ ಏನೂ ಇರುವುದಿಲ್ಲ.

ಬೇಕಾಗುವ ಸಾಮಾನು ಕಡಿಮೆ. 8 ಮತ್ತು 10 ಎಂಎಂ ಸಾಕೆಟ್, ಉದ್ದದ ಎಕ್ಸ್‌ಟೆನ್ಷನ್, ಚಪ್ಪಟೆ ಸ್ಕ್ರೂಡ್ರೈವರ್, ಟಿ20 ಟಾರ್ಕ್ಸ್ ಬಿಟ್, ತಲೆಗೆ ಕಟ್ಟುವ ಟಾರ್ಚ್, ನಾರು ಬಿಡದ ಶುಭ್ರ ಬಟ್ಟೆ. ಬಿಟ್ ಆಯಸ್ಕಾಂತದ್ದಾದರೆ ಒಳ್ಳೆಯದು.

ಎಂಜಿನ್ ತಣ್ಣಗಿರಲಿ. ಏರ್‌ಬಾಕ್ಸ್ ಸುತ್ತ ಕೂತ ಎಲೆ, ಕಡ್ಡಿ, ಧೂಳನ್ನು ಮೊದಲೇ ಒರೆಸಿ, ಇಲ್ಲದಿದ್ದರೆ ಪೈಪ್ ತೆಗೆದ ಕೂಡಲೇ ಅದೆಲ್ಲ ಬೀಳುವುದು ಥ್ರಾಟಲ್ ಬಾಯಿಗೆ. ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚಿ. ಸ್ಮಾಗ್ ಚೆಕ್ ಹತ್ತಿರ ಬಂದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಬ್ಯಾಟರಿ ಬಿಚ್ಚಿದರೆ ಇಸಿಯುನ ಸ್ವಂತ ಪರೀಕ್ಷೆಗಳ ದಾಖಲೆ ಅಳಿಸಿಹೋಗುತ್ತದೆ, ಅದು ಮತ್ತೆ ತುಂಬುವವರೆಗೆ ಪಾಸ್ ಆಗುವುದಿಲ್ಲ. ಆಮೇಲೆ ಎಲ್ಲೆಲ್ಲಿ ಯಾವ ಹೋಸ್ ಇದೆ ಅಂತ ಫೋಟೋ ತೆಗೆದಿಟ್ಟುಕೊಳ್ಳಿ.

ಹಳೆಯದನ್ನು ತೆಗೆಯುವುದು

ಗಾಡಿಯ ಮುಂದೆ ನಿಂತರೆ ಏರ್‌ಬಾಕ್ಸ್ ನಿಮ್ಮ ಎಡಗೈ ಕಡೆ. ಮೊದಲು ಮಾಫ್ ಸೆನ್ಸರ್‌ನ ಕನೆಕ್ಟರ್. ಅದಕ್ಕೆ ಒಂದು ಸಣ್ಣ ಜಾರುವ ಲಾಕ್ ಇರುತ್ತದೆ. ಲಾಕನ್ನು ಹಿಂದಕ್ಕೆ ಎಳೆದು, ಆಮೇಲೆ ನಾಲಿಗೆ ಒತ್ತಿ, ಕನೆಕ್ಟರ್ ಹಿಡಿದು ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ.

ಡ್ರೈವರ್ ಕಡೆಯ ವಾಲ್ವ್ ಕವರ್‌ನಿಂದ ಒಂದು ಬ್ರೀದರ್ ಹೋಸ್ ಬಂದು ಪೈಪಿಗೆ ಸೇರುತ್ತದೆ. ಅದರ ತುದಿಯಲ್ಲಿ ಬೇರೆ ಬಣ್ಣದ ಸಣ್ಣ ಲಾಕ್ ಇದೆ. ಲಾಕ್ ಬಿಡಿಸಿ, ಹೋಸನ್ನು ಒಮ್ಮೆ ಒಳಕ್ಕೆ ತಳ್ಳಿ, ಆಮೇಲೆ ನೇರವಾಗಿ ಎಳೆದರೆ ಬರುತ್ತದೆ. ಹಳೆ ಗಾಡಿಯ ಪ್ಲಾಸ್ಟಿಕ್ ಚಳಿಯಲ್ಲಿ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಬರದಿದ್ದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ, ಅಲ್ಲಾಡಿಸಿ. ಸ್ಕ್ರೂಡ್ರೈವರ್ ಹಾಕಿ ಮೀಟುವ ಆಸೆ ಬರುತ್ತದೆ, ತಡೆದುಕೊಳ್ಳಿ.

ಈ ಜಿಟಿಯಲ್ಲಿ ಇನ್ನೊಂದು ಪೈಪ್ ಇದೆ, ಇನ್‌ಟೇಕ್‌ನ ಶಬ್ದವನ್ನು ಕ್ಯಾಬಿನ್ ಕಡೆಗೆ ಕೊಂಡೊಯ್ಯುವ ಸೌಂಡ್ ಟ್ಯೂಬ್. ಶಬ್ದಕ್ಕೆಂದೇ ಕಂಪನಿಯವರು ಹಾಕಿದ್ದು ಅದು. ಅದನ್ನೂ ಪೈಪಿನಿಂದ ಬಿಡಿಸಿ. ಕೆಲವು ಕಿಟ್‌ಗಳು ಅದಕ್ಕೂ ಬಾಯಿ ಇಟ್ಟಿರುತ್ತವೆ, ಕೆಲವು ಮುಚ್ಚುವ ಬಿರಡೆ ಕೊಡುತ್ತವೆ. ಹೊಸ ಇನ್‌ಟೇಕ್‌ನದ್ದೇ ಸಾಕಷ್ಟು ಶಬ್ದ ಇರುವುದರಿಂದ ನಾನು ಬಿರಡೆ ಹಾಕಿದೆ. ಯಾವುದಾದರೂ ಆಗಲಿ, ಬಾಯಿ ತೆರೆದು ಬಿಡುವ ಹಾಗಿಲ್ಲ.

ಥ್ರಾಟಲ್ ಬಾಡಿಯ ಹತ್ತಿರದ ಕ್ಲಾಂಪ್ ಸಡಿಲಿಸಿ ಪೈಪನ್ನು ತಿರುಚುತ್ತಾ ಎಳೆಯಿರಿ. ಬಂದ ಕೂಡಲೇ ಥ್ರಾಟಲ್ ಬಾಯಿಗೆ ಬಟ್ಟೆ ಮುಚ್ಚಿ. ಅದರ ಒಂದು ತುದಿ ಹೊರಗೆ ಜೋತಾಡುತ್ತಿರಲಿ, ಮರೆತು ಹೋಗುವುದಿಲ್ಲ. ಟಿಶ್ಯೂ ಬೇಡ. ಇನ್ನು ಡಬ್ಬಿ. ಪಕ್ಕದಲ್ಲಿ ಒಂದು 10 ಎಂಎಂ ಬೋಲ್ಟ್ ಇದೆ, ಅದನ್ನು ತೆಗೆದು ಡಬ್ಬಿಯನ್ನು ನೇರವಾಗಿ ಮೇಲಕ್ಕೆ ಎತ್ತಿ. ಕೆಳಗೆ ರಬ್ಬರ್ ಬುಷ್‌ಗಳಲ್ಲಿ ಕೂತಿರುತ್ತದೆ, 'ಪಟ್' ಅಂತ ಬಿಡುತ್ತದೆ. ಬುಷ್‌ಗಳು ಡಬ್ಬಿಯ ಜೊತೆ ಬಂದವೋ, ಗಾಡಿಯಲ್ಲೇ ಉಳಿದವೋ ನೋಡಿ. ಹೊಸದಕ್ಕೂ ಅವೇ ಬೇಕು.

ಮಾಫ್ ಸೆನ್ಸರನ್ನು ಹಳೆಯದರಿಂದ ತೆಗೆದು ಹೊಸ ಪೈಪಿಗೆ ಹಾಕುವ ಮೊದಲು ಕೈ ತೊಳೆದುಕೊಳ್ಳಿ. ಟಿ20 ಬಿಟ್‌ನಿಂದ ಎರಡು ಸ್ಕ್ರೂ ತೆಗೆದು, ಸೆನ್ಸರನ್ನು ಅಲ್ಲಾಡಿಸದೆ ನೇರ ಮೇಲಕ್ಕೆ. ಬೆಳಕಿಗೆ ಹಿಡಿದರೆ ಕಿಂಡಿಯೊಳಗೆ ತಂತಿ ಕಾಣುತ್ತದೆ. ಬೆರಳು, ಬಟ್ಟೆ, ಇಯರ್ ಬಡ್ ಯಾವುದೂ ಅದನ್ನು ಮುಟ್ಟಬಾರದು. ಕೊಳೆಯಾಗಿದ್ದರೆ ಮಾಫ್ ಕ್ಲೀನರ್ ಸ್ಪ್ರೇಯನ್ನೇ ಹೊಡೆದು, ಪೂರ್ತಿ ಒಣಗಲು ಬಿಡಿ. ಬ್ರೇಕ್ ಕ್ಲೀನರ್ ಬೇಡವೇ ಬೇಡ. ಹೊಸ ಪೈಪಿನಲ್ಲಿ ಇಡುವಾಗ ಗಾಳಿಯ ದಿಕ್ಕಿನ ಬಾಣ ಥ್ರಾಟಲ್ ಕಡೆ ಇರಬೇಕು, ಓ-ರಿಂಗ್ ಮಡಚಿಕೊಳ್ಳದೆ ಕೂರಬೇಕು. ಸ್ಕ್ರೂ ಹೋಗುವುದು ಪ್ಲಾಸ್ಟಿಕ್‌ಗೆ. ಮೊದಲು ಹಿಂದಕ್ಕೆ ತಿರುಗಿಸಿ, ತೂತಿನೊಳಗಿನ ಥ್ರೆಡ್‌ಗೆ 'ಟಕ್' ಅಂತ ಬಿದ್ದ ಮೇಲೆ ಮುಂದಕ್ಕೆ ತಿರುಗಿಸಿ, ಎರಡು ಬೆರಳಿನ ಬಲದಲ್ಲಿ ಬಿಗಿ ಮಾಡಿ ನಿಲ್ಲಿಸಿ.

ಹೊಸದನ್ನು ಕೂರಿಸುವುದು

ಇಲ್ಲಿ ಒಂದೇ ನಿಯಮ: ಎಲ್ಲವೂ ತನ್ನ ಜಾಗಕ್ಕೆ ಬರುವವರೆಗೆ ಯಾವುದನ್ನೂ ಬಿಗಿ ಮಾಡಬೇಡಿ. ಡಬ್ಬಿಯ ಅಂಚಿಗೆ ರಬ್ಬರ್ ಬೀಡಿಂಗ್ ಒತ್ತಿ, ಬುಷ್‌ಗಳ ಮೇಲೆ ಕೂರಿಸಿ, ಗ್ರಿಲ್ ಕಡೆಯ ಬಾಯಿ ಸೇರಿಸಿ. ಥ್ರಾಟಲ್‌ಗೆ ಸಿಲಿಕೋನ್ ಕಪ್ಲರ್ (ಪೈಪನ್ನು ಜೋಡಿಸುವ ಮೆತ್ತನೆಯ ತುಂಡು) ಹಾಕಿ, ಎರಡು ಕ್ಲಾಂಪ್‌ಗಳನ್ನು ಸಡಿಲವಾಗಿ ತೂರಿಸಿ. ಬಟ್ಟೆ ತೆಗೆದಿರಾ? ಈಗ ಪೈಪ್.

ಸಿಲಿಕೋನ್ ಕಪ್ಲರ್ ಒಣಗಿದ್ದರೆ ಜಾರುವುದಿಲ್ಲ, ಒಂದು ಕಡೆ ಮಡಚಿಕೊಳ್ಳುತ್ತದೆ. ಒಳಗೆ ಸ್ವಲ್ಪ ನೀರು ಸವರಿ. ಎಣ್ಣೆ ಸವರಿದರೆ ಸುಲಭವಾಗಿ ಹೋಗುತ್ತದೆ ನಿಜ, ಆಮೇಲೆ ಎಂಜಿನ್ ಅಲುಗಿದಾಗ ಅಷ್ಟೇ ಸುಲಭವಾಗಿ ಕಳಚುತ್ತದೆ. ಪೈಪ್ ಕಪ್ಲರ್ ಒಳಗೆ ಸುತ್ತಲೂ ಒಂದೇ ಸಮ ಹೋಗಿದೆಯಾ ಅಂತ ಕೈ ಬೆರಳಾಡಿಸಿ ನೋಡಿ. ಹಿಂಬದಿ ಕಣ್ಣಿಗೆ ಕಾಣುವುದಿಲ್ಲ, ಮಡಚಿಕೊಳ್ಳುವುದೂ ಅಲ್ಲೇ. ಫೋನ್ ಕ್ಯಾಮೆರಾ ಹಿಂದೆ ಹಿಡಿದು ಒಂದು ಫೋಟೋ ತೆಗೆದರೆ ಗೊತ್ತಾಗುತ್ತದೆ.

ಫಿಲ್ಟರ್ ಸೇರಿಸಿ, ಬ್ರೀದರ್ ಹೋಸನ್ನು 'ಕ್ಲಿಕ್' ಅನ್ನುವವರೆಗೆ ಒತ್ತಿ, ಲಾಕ್ ಹಾಕಿ. ಪೈಪನ್ನು ಸ್ವಲ್ಪ ಹಿಂದೆ ಮುಂದೆ ತಿರುಗಿಸಿ ಯಾವುದಕ್ಕೂ ತಾಗದ ಜಾಗ ಹುಡುಕಿ. ವಿ8 ಜೋರಾಗಿ ತಿರುಗುವಾಗ ತನ್ನ ಮೌಂಟ್ ಮೇಲೆ ಓಲಾಡುತ್ತದೆ. ಹಾಗಾಗಿ ರೇಡಿಯೇಟರ್ ಹೋಸ್, ವೈರಿಂಗ್, ಬಾನೆಟ್ ಯಾವುದಕ್ಕೂ ಬೆರಳಿನಷ್ಟು ಅಂತರ ಇರಲಿ. ಬಾನೆಟನ್ನು ಬಡಿಯದೆ ಮೆಲ್ಲಗೆ ಇಳಿಸಿ ನೋಡಿ. ಎಲ್ಲ ಸರಿ ಅನಿಸಿದ ಮೇಲೆ ಥ್ರಾಟಲ್ ಕಡೆಯಿಂದ ಶುರುಮಾಡಿ ಕ್ಲಾಂಪ್‌ಗಳನ್ನು ಕೈಬಲದಲ್ಲಿ ಬಿಗಿ ಮಾಡಿ. ಕ್ಲಾಂಪ್‌ನ ಪಟ್ಟಿ ಸಿಲಿಕೋನ್‌ನೊಳಗೆ ಇಳಿದು ಕತ್ತರಿಸುವಷ್ಟು ಬೇಡ. ಕೊನೆಗೆ ಮಾಫ್ ಕನೆಕ್ಟರ್, ಲಾಕ್, ಬ್ಯಾಟರಿ.

ಸ್ಟಾರ್ಟ್ ಮಾಡಿದ ಮೇಲೆ

ಮೊದಲ ಒಂದೆರಡು ನಿಮಿಷ ಐಡಲ್ ಸ್ವಲ್ಪ ಏರಿಳಿಯಬಹುದು, ಬ್ಯಾಟರಿ ಬಿಚ್ಚಿದ್ದರಿಂದ ಇಸಿಯು ಮತ್ತೆ ಕಲಿಯುತ್ತಿರುತ್ತದೆ. 'ಸುಯ್' ಅನ್ನುವ ಶಬ್ದ ಬಂದರೆ ಎಲ್ಲೋ ಗಾಳಿ ಕದಿಯುತ್ತಿದೆ. ಒಂದೆರಡು ದಿನ ಸುಮ್ನೆ ಓಡಿಸಿ, ಆಮೇಲೆ ಫೋರ್‌ಸ್ಕ್ಯಾನ್ ತೆರೆದು ಹಳೆ ಅಂಕಿಗಳ ಪಕ್ಕ ಹೊಸ ಅಂಕಿ ಬರೆಯಿರಿ.

ಟ್ರಿಮ್ ಮೈನಸ್ 5ರಿಂದ ಪ್ಲಸ್ 5ರೊಳಗೆ ಇದ್ದರೆ ಆರಾಮ. ಎರಡೂ ಬ್ಯಾಂಕ್ ಪ್ಲಸ್ 10 ದಾಟಿದ್ದರೆ ಮತ್ತೆ ಬಾನೆಟ್ ಎತ್ತಿ. ಐಡಲ್‌ನಲ್ಲಿ ಮಾತ್ರ ಜಾಸ್ತಿ ಇದ್ದು, ಆರ್‌ಪಿಎಂ ಏರಿದಂತೆ ಇಳಿಯುತ್ತಿದ್ದರೆ ಬ್ರೀದರ್ ಹೋಸ್, ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ನೋಡಿ, ಅಲ್ಲಿಂದ ಲೆಕ್ಕಕ್ಕೆ ಸಿಗದ ಗಾಳಿ ಹೋಗುತ್ತಿದೆ. ಐಡಲ್‌ನಲ್ಲೂ ಹೈವೇಯಲ್ಲೂ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ ಇದ್ದರೆ ಕಪ್ಲರ್ ಸರಿಯಾಗಿ ಕೂತಿಲ್ಲ, ಇಲ್ಲವೇ ಪೈಪಿನ ಅಳತೆಯೇ ನಿಮ್ಮ ಮಾಫ್‌ಗೆ ಹೊಂದಿಲ್ಲ. ಕಪ್ಲರ್ ಸರಿಯಿದ್ದೂ ಇಳಿಯದಿದ್ದರೆ ಕಿಟ್ ವಾಪಸ್ ಮಾಡಿ. 'ಓಡ್ತಾ ಓಡ್ತಾ ಸರಿ ಹೋಗುತ್ತೆ' ಅಂತ ಅಂಗಡಿಯವರು ಹೇಳಿದರೂ ಕೇಳಬೇಡಿ.

ಗಾಳಿಯ ಬಿಸಿಯನ್ನೂ ಹೋಲಿಸಿ. ನನ್ನ ಗಾಡಿಯಲ್ಲಿ ಹೈವೇ ಓಟದಲ್ಲಿ ಹೊರಗಿನ ಬಿಸಿಗಿಂತ ನಾಲ್ಕಾರು ಡಿಗ್ರಿ ಜಾಸ್ತಿ ತೋರಿಸುತ್ತದೆ. ಹಳೆ ಡಬ್ಬಿಯಲ್ಲೂ ಇಷ್ಟೇ ಇತ್ತು. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಹೊಸದು ಸ್ವಲ್ಪ ಬೇಗ ಬಿಸಿಯಾಗುತ್ತದೆ, ಹೊರಟ ಮೇಲೆ ಇಳಿಯುತ್ತದೆ. ಇದು ತಯಾರಕರ ಜಾಹೀರಾತಿನಲ್ಲಿ ಕಾಣುವುದಿಲ್ಲ, ಅಲ್ವಾ?

ಒಂದು ವಾರದ ನಂತರ ತಣ್ಣಗಿರುವಾಗ ಕ್ಲಾಂಪ್‌ಗಳನ್ನು ಮತ್ತೆ ಮುಟ್ಟಿ ನೋಡಿ. ಬಿಸಿ, ತಂಪು ತಿಂದು ಸಿಲಿಕೋನ್ ಸ್ವಲ್ಪ ಸಡಿಲ ಆಗಿರುತ್ತದೆ. ಫಿಲ್ಟರನ್ನು ಪ್ರತಿ ಆಯಿಲ್ ಬದಲಿಸುವಾಗ ನೋಡಿದರೆ ಸಾಕು. ಕಾಡ್ಗಿಚ್ಚಿನ ಕಾಲದಲ್ಲಿ ಮಾತ್ರ ಅಷ್ಟು ಕಾಯಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಆಕಾಶವೇ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಬಾನೆಟ್ ಮೇಲೆ ಕೂತ ಬೂದಿ ಫಿಲ್ಟರ್ ಮಡಿಕೆಗಳಲ್ಲೂ ಕೂತಿತ್ತು. ಒಣ ಫಿಲ್ಟರ್ ಆದರೆ ತಟ್ಟಿ, ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ಗಾಳಿ ಬಿಡಿ.

ಹಳೆ ಏರ್‌ಬಾಕ್ಸನ್ನು ಎಸೆಯಬೇಡಿ, ಮಾರಲೂ ಬೇಡಿ. ಗಾಡಿ ಮಾರುವಾಗ ಕೊಳ್ಳುವವರು ಕಂಪನಿಯದ್ದೇ ಬೇಕು ಅನ್ನಬಹುದು. ಅದರ 10 ಎಂಎಂ ಬೋಲ್ಟ್ ಮತ್ತು ಕ್ಲಾಂಪನ್ನು ಜಿಪ್ ಕವರಿನಲ್ಲಿ ಹಾಕಿ, ಕವರನ್ನು ಡಬ್ಬಿಯ ಒಳಗೇ ಟೇಪ್ ಹಾಕಿ ಅಂಟಿಸಿಡಿ.